ಬಲಕ್ಕ ಇಂಡಿಕೇಟರ್ ಹಾಕಿದ್ರ ಟಿಕ್ ಟಿಕ್ ಯಾಕ ಜೋರಾಗಿ ಬಡ್ಕೊಳ್ತದ?

ಪ್ರಶ್ನೆ: ನಾನು ಕಲಬುರಗಿಯವಳು, ಸಾಲಿ ಟೀಚರ್. ದಿನಾ ಸ್ವಂತ ಕಾರಿನಾಗ ಸೇಡಂ ಕಡೆ ಹೋಗಿ ಬರ್ತೀನಿ, ಹತ್ತು ವರ್ಷದ ಸಣ್ಣ ಕಾರು. ಒಂದ್ ವಾರ ಆಯ್ತು, ಬಲಕ್ಕ ಇಂಡಿಕೇಟರ್ ಹಾಕಿದ್ರ ಟಿಕ್ ಟಿಕ್ ಭಾಳ ಜೋರಾಗಿ, ಅಂದ್ರ ಲಗು ಲಗು, ಬಡ್ಕೊಳ್ತದ, ಎಡಕ್ಕ ಹಾಕಿದ್ರ ಬರೋಬ್ಬರಿ ಅದ. ಇಳಿದು ನೋಡಿದ್ರ ಮುಂದಿನ ಬಲಗಡಿ ಲೈಟ್ ಹತ್ತಂಗೇ ಇಲ್ಲ. ದೀಪಾವಳಿ ಮುಂದ ಇದೇ ಬಲ್ಬ್ ಹೊಸಾದು ಹಾಕ್ಸಿದ್ದೆ, ಮತ್ತ ಹೋಗ್ಯದ. ಒಂದು ಗ್ಯಾರೇಜ್‌ನಾಗ ಫ್ಲ್ಯಾಷರ್ ಹೋಗಿರ್ಬೇಕು, ಇಲ್ಲಾಂದ್ರ ಪೂರಾ ಹೆಡ್‌ಲೈಟೇ ಬದಲಿ ಮಾಡ್ಬೇಕು ಅಂದ್ರು. ಮಗ ಎಲ್‌ಇಡಿ ಹಾಕ್ಸಿಬಿಡು ಅಂತಾನ. ಇದು ನಾನೇ ಮನ್ಯಾಗ ಮಾಡೋ ಕೆಲಸಾನಾ?

ಉತ್ತರ: ಹೌದ್ರಿ ಅಕ್ಕೋರೆ, ನೀವೇ ಮಾಡ್ಬಹುದು. ಮೊದಲ ಸಲ ಅರ್ಧ ತಾಸು ಹಿಡಿತದ, ಎರಡನೇ ಸಲ ಹತ್ತು ನಿಮಿಷ. ಆದ್ರ ನೀವು ಬರೆದದ್ರಾಗ ನನಗ ಮುಖ್ಯ ಅನ್ನಿಸಿದ್ದು ಜೋರ್ ಟಿಕ್ ಟಿಕ್ ಅಲ್ಲ, "ದೀಪಾವಳಿ ಮುಂದ ಹಾಕ್ಸಿದ್ದೆ, ಮತ್ತ ಹೋಗ್ಯದ" ಅನ್ನೋ ಮಾತು. ಇಂಡಿಕೇಟರ್ ಬಲ್ಬ್ ದಿನಕ್ಕ ಹತ್ತೋದು ಎಷ್ಟು ಹೊತ್ತು, ಎಲ್ಲಾ ಕೂಡಿಸಿದ್ರ ನಾಕೈದು ನಿಮಿಷ, ಅಂಥಾ ಬಲ್ಬ್ ವರ್ಷಗಟ್ಟಲೆ ಬಾಳ್ಬೇಕು. ಇಷ್ಟು ಜಲ್ದಿ ಹೋಗ್ಯದ ಅಂದ್ರ ಬಲ್ಬಿನ ತಪ್ಪಲ್ಲ, ಅದು ಕೂತ ಜಾಗದ ತಪ್ಪು ಇರ್ತದ, ಮತ್ತೊಂದು ಹೊಸ ಬಲ್ಬ್ ಹಾಕಿ ಬಾನೆಟ್ ಮುಚ್ಚಿದ್ರ ಮತ್ತ ಮೂರ್ ತಿಂಗಳಿಗೆ ಇದೇ ಕತಿ. ಹಂಗಾಗಿ ಬಲ್ಬ್ ಬದಲಿ ಮಾಡೋದನ್ನೂ ಹೇಳ್ತೀನಿ, ಹೋಲ್ಡರ್ ನೋಡೋದನ್ನೂ ಹೇಳ್ತೀನಿ, ಎರಡನೇದೇ ಹೆಚ್ಚು ಹೇಳ್ತೀನಿ.

ಮೊದಲ ಫ್ಲ್ಯಾಷರ್, ಅಂದ್ರ ಇಂಡಿಕೇಟರ್ ಹತ್ತಿಸಿ ಆರಿಸೋ ಸಣ್ಣ ಡಬ್ಬಿ, ಅದ್ರ ಮಾತು ಮುಗಿಸಿಬಿಡೋಣ. ನಿಮ್ಮ ಗಾಡ್ಯಾಗ ಎಡಕ್ಕೂ ಬಲಕ್ಕೂ ಕೂಡಿ ಇರೋದು ಒಂದೇ ಫ್ಲ್ಯಾಷರ್, ಅದು ಹೋಗಿದ್ರ ಎಡಗಡೀನೂ ಕೆಟ್ಟಿರ್ಬೇಕಿತ್ತು. ಎಡಗಡಿ ಬರೋಬ್ಬರಿ ಹೊಡೀತದ ಅಂದ್ಮ್ಯಾಲ ಫ್ಲ್ಯಾಷರ್ ಚೊಲೋನೇ ಅದ. ಅದು ಜೋರಾಗಿ ಬಡ್ಕೊಳ್ಳೋದು ಕೆಟ್ಟದ್ದಕ್ಕಲ್ಲ, ಒಂದ್ ಬಲ್ಬ್ ಹತ್ತವಲ್ದು ಅಂತ ನಿಮಗ ಹೇಳ್ಲಿಕ್ಕೆ. ಹೆಂಗ ಅಂದ್ರ, ಒಂದು ಕಡೀಗೆ ಮುಂದ 21 ವ್ಯಾಟ್, ಹಿಂದ 21 ವ್ಯಾಟ್, ಪಕ್ಕದಾಗ ಫೆಂಡರ್ ಮ್ಯಾಲೋ ಕನ್ನಡಿ ಮ್ಯಾಲೋ ಒಂದು 5 ವ್ಯಾಟಿನ ಸಣ್ಣದು, ಕೂಡಿ 47 ವ್ಯಾಟ್ ಅಂತ ಹಿಡೀರಿ, 12 ವೋಲ್ಟಿಗೆ ಹತ್ತಿರ ಹತ್ತಿರ 4 ಆಂಪಿಯರ್ ಕರೆಂಟ್ ಹರೀತದ. ಮುಂದಿನದು ಹೋದ್ರ 26 ವ್ಯಾಟ್ ಉಳೀತು, ಕರೆಂಟ್ 2 ಆಂಪಿಯರ್ ಮ್ಯಾಲ ಸ್ವಲ್ಪ ಇರ್ತದ ಅಷ್ಟೇ. ಫ್ಲ್ಯಾಷರ್ ಈ ಕರೆಂಟನ್ನೇ ಅಳೀತಿರ್ತದ, ಕಮ್ಮಿ ಆದದ್ದು ಗೊತ್ತಾದ ಕೂಡ್ಲೆ ಬಡಿತ ಹತ್ತಿರ ಹತ್ತಿರ ಎರಡು ಪಟ್ಟು ಜೋರ್ ಮಾಡ್ತದ. ಸರಿ ಇದ್ದ ಇಂಡಿಕೇಟರ್ ನಿಮಿಷಕ್ಕ 60ರಿಂದ 120 ಸಲ ಹೊಡೀಬೇಕು, ಅದು ಲೆಕ್ಕ. ಮೊದಲಿನ ಕಾಲದ, ಒಳಗ ಕಾಯೋ ಪಟ್ಟಿ ಇರೋ ಫ್ಲ್ಯಾಷರಿನಾಗ ಇದು ಉಲ್ಟಾ ಇತ್ತು, ಒಂದ್ ಬಲ್ಬ್ ಹೋದ್ರ ಹೊಡಿಯೋದೇ ನಿಧಾನ ಆಗ್ತಿತ್ತು ಇಲ್ಲಾ ಹತ್ತಿದ್ದು ಹತ್ತಿದಂಗೇ ನಿಂತ್ಬಿಡ್ತಿತ್ತು. ಪಕ್ಕದ 5 ವ್ಯಾಟಿಂದು ಹೋದ್ರ ಮಾತ್ರ ಸಾಮಾನ್ಯವಾಗಿ ಬಡಿತ ಜೋರ್ ಆಗಂಗಿಲ್ಲ, ಅದು ಕಣ್ಣಿಲೇ ನೋಡ್ಬೇಕು.

ಪಕ್ಕಾ ಆಗ್ಲಿಕ್ಕೆ ಒಂದ್ ಕೆಲಸ ಮಾಡ್ರಿ, ಹಜಾರ್ಡ್ ಬಟನ್ ಒತ್ತಿ ಗಾಡಿ ಸುತ್ತ ಒಂದು ಸುತ್ತು ಹಾಕ್ರಿ, ಅಂದ್ರ ಆ ಕೆಂಪು ತ್ರಿಕೋಣದ್ದು. ಅದ್ರಾಗೂ ಮುಂದಿನ ಬಲಗಡಿದೊಂದೇ ಹತ್ತಲಿಲ್ಲ ಅಂದ್ರ ತೊಂದ್ರಿ ಆ ಮೂಲ್ಯಾಗೇ ಅದ, ಬಲ್ಬ್, ಹೋಲ್ಡರ್, ಇಲ್ಲಾ ಅಲ್ಲಿಗೆ ಹೋಗೋ ವೈರ್. ನಾಕೂ ಮೂಲಿ ಹಜಾರ್ಡಿನಾಗ ಹತ್ತಿ, ಬಲಕ್ಕ ಕಡ್ಡಿ ಹಾಕಿದಾಗ ಮಾತ್ರ ಹತ್ತಲಿಲ್ಲ ಅಂದ್ರ ಸ್ಟೇರಿಂಗ್ ಕೆಳಗಿನ ಕಡ್ಡಿಯ ಸ್ವಿಚ್ ನೋಡ್ಬೇಕು. ಯಾವುದೂ ಹತ್ತಲಿಲ್ಲ ಅಂದ್ರ ಫ್ಯೂಜ್ ಇಲ್ಲಾ ಫ್ಲ್ಯಾಷರ್. ನಿಮ್ದು ಮೊದಲನೇದೇ.

ಪೂರಾ ಹೆಡ್‌ಲೈಟ್ ಬದಲಿ ಮಾಡಿ ಅಂದವ್ರು ಹೋಲ್ಡರ್ ತೆಗೆದು ನೋಡಿ ಹಂಗ ಅಂದಿದ್ರ ಒಂದು ಮಾತು, ತೆಗೀದೇ ಅಂದಿದ್ರ ರೊಕ್ಕ ಕೊಡಬ್ಯಾಡ್ರಿ. ಹೋಲ್ಡರ್ ಕೂಡೋ ತೂತು ಕರಗಿ ಸೊಟ್ಟ ಆಗಿದ್ರ, ಇಲ್ಲಾ ಒಳಗಿನ ಕನ್ನಡಿಯಂಥಾ ಪದರ ಸುಟ್ಟು ಕರ್ರಗ ಆಗಿದ್ರ ಮಾತ್ರ ಪೂರಾ ಲೈಟ್ ಬದಲಿ. ಬಲ್ಬಿಂದು ನೂರು ರೂಪಾಯಿ ಒಳಗಿನ ಖರ್ಚು, ಹೋಲ್ಡರ್ ಭಾಳ ಗಾಡಿಗಳಿಗೆ ಬ್ಯಾರೇನೇ ಸಿಗ್ತದ.

ಈಗ ಬಲ್ಬ್. ಗಾಡಿ ಯಾವ ಕಂಪನಿದು ಅಂತ ನೀವು ಬರೆದಿಲ್ಲ, ಹಂಗಾಗಿ ದುಕಾನಕ್ಕ ಹೋಗೋ ಮುಂದ ಗಾಡಿ ಪುಸ್ತಕದಾಗ ಬಲ್ಬಿನ ಪಟ್ಟಿ ಇರೋ ಪುಟ ತೆಗೀರಿ, ಇಲ್ಲಾ ಹಳೆ ಬಲ್ಬೇ ಕೈಯಾಗ ಹಿಡ್ಕೊಂಡು ಹೋಗ್ರಿ, ಅದೇ ಚೊಲೊ. ಮುಂದಿನ ಇಂಡಿಕೇಟರಿಗೆ ಹೆಚ್ಚಾಗಿ ಬರೋದು ಪಿವೈ21ಡಬ್ಲ್ಯೂ, ಅಂದ್ರ ಕಿತ್ತಳಿ ಬಣ್ಣದ ಗಾಜು, 12 ವೋಲ್ಟ್, 21 ವ್ಯಾಟ್, ಕೆಳಗ ಹಿತ್ತಾಳಿ ಬುಡ. ಇದ್ರ ತಮ್ಮ ಪಿ21ಡಬ್ಲ್ಯೂ ಅಂತ ಒಂದದ, ಗಾಜು ಬಿಳೇದು. ಬುಡದ ಪಕ್ಕದಾಗ ಎರಡು ಸಣ್ಣ ಮೊಳಿ ಇರ್ತಾವಲ್ಲ, ಬಿಳೇ ಬಲ್ಬಿನಾಗ ಅವು ಎದುರು ಬದುರು ಸೀದಾ ಇರ್ತಾವ, ಕಿತ್ತಳಿದ್ರಾಗ ಒಂದು ಮೊಳಿ ಸ್ವಲ್ಪ ಪಕ್ಕಕ್ಕ ಸರದಿರ್ತದ, ಒಂದ್ರ ಜಾಗದಾಗ ಇನ್ನೊಂದು ಕೂಡಬಾರದು ಅಂತಾನೇ ಹಂಗ ಮಾಡ್ಯಾರ. ಮುಂದ ಸಾದಾ ಗಾಜಿನ ಹೆಡ್‌ಲೈಟಿದ್ದು ಒಳಗ ಬಿಳೇ ಬಲ್ಬ್ ಹಾಕಿದ್ರ ಇಂಡಿಕೇಟರ್ ಬೆಳ್ಳಗ ಹೊಡೀತದ, ಎದುರಿನವನಿಗೆ ಇದು ಇಂಡಿಕೇಟರೋ ಪಾರ್ಕಿಂಗೋ ತಿಳಿಯಂಗಿಲ್ಲ, ನಿಯಮದ ಪ್ರಕಾರನೂ ಮುಂದಿನ ಇಂಡಿಕೇಟರ್ ಕಿತ್ತಳಿ ಬಣ್ಣದ್ದೇ ಇರ್ಬೇಕು. ಸ್ಟಾಕ್ ಇಲ್ಲಾಂತ ಒಬ್ಬ ಹುಡುಗ ಬಿಳೇ ಬಲ್ಬಿನ ಮೊಳಿ ಕಾನಸಿಲೇ ಉಜ್ಜಿ ತುರುಕಿ ಕೊಟ್ಟದ್ದು ನಾನೇ ಬಿಚ್ಚಿ ತೆಗೆದೀನಿ, ಅದು ಒಳಗ ಸಡ್ಲ ಕೂತು ಹೋಲ್ಡರಿನ ಬಾಯಿ ಪೂರಾ ಸುಟ್ಟಿತ್ತು. ಕೆಲವು ಗಾಡ್ಯಾಗ ಹಿತ್ತಾಳಿ ಬುಡಾನೇ ಇರಂಗಿಲ್ಲ, ಗಾಜಿನ ಬುಡದ್ದು ಸೀದಾ ಒತ್ತಿ ಕೂಡಿಸೋದು, ಅದಕ್ಕ ಡಬ್ಲ್ಯೂವೈ21ಡಬ್ಲ್ಯೂ ಅಂತಾರ. ವ್ಯಾಟ್ ಮಾತ್ರ 21ಕ್ಕಿಂತ ಹೆಚ್ಚಿಂದು ಯಾರು ಕೊಟ್ರೂ ತಗೋಬ್ಯಾಡ್ರಿ.

ಕೆಲಸ ಮುಂಜಾನೆ ಮಾಡ್ರಿ. ಬ್ಯಾಸಿಗಿ ನಮ್ಮ ಕಡೆ ಏನು ಅಂತ ನಿಮಗ ಹೇಳ್ಬೇಕಾಗಿಲ್ಲ, 42-43 ಡಿಗ್ರಿ ಬಿಸಿಲಾಗ ಬಿಟ್ಟ ಗಾಡಿ ಬಾನೆಟ್ ಕೆಳಗ ಕೈ ಹಾಕಿದ್ರ ಚರ್ಮ ಸುಡ್ತದ, ಸಾಲಿಯಿಂದ ಬಂದ ಕೂಡ್ಲೆ ಇಂಜಿನ್ ಬಿಸಿ ಇದ್ದಾಗಂತೂ ಬ್ಯಾಡೇ ಬ್ಯಾಡ. ಚಾವಿ ತೆಗೆದು ಕಿಸೇದಾಗ ಇಟ್ಕೊಳ್ರಿ, ಲೈಟ್ ಎಲ್ಲಾ ಬಂದ್. ರೇಡಿಯೇಟರ್ ಹತ್ರ ಫ್ಯಾನ್ ಅದಲ್ಲ, ಕೆಲವು ಗಾಡ್ಯಾಗ ಇಂಜಿನ್ ಬಂದ್ ಮಾಡಿದ್ ಮ್ಯಾಲೂ ಅದು ತಾನೇ ತಿರಗ್ತದ, ಕೈ, ಬಳಿ, ಸೆರಗು ಅದ್ರ ಹತ್ರ ಹೋಗದಂಗ ನೋಡ್ಕೊಳ್ರಿ.

ಬಾನೆಟ್ ಎತ್ತಿ ಬಲಗಡಿ ಹೆಡ್‌ಲೈಟಿನ ಹಿಂದ ಬಗ್ಗಿ ನೋಡ್ರಿ. ಕಾಣ್ಲಿಲ್ಲಾಂದ್ರ ಮೊಬೈಲ್ ಕ್ಯಾಮೆರಾ ಆನ್ ಮಾಡಿ ಸಂದ್ಯಾಗ ಹಿಡೀರಿ, ನಾನೂ ಹಂಗೇ ಮಾಡ್ತೀನಿ, ಬಗ್ಗಿ ಬಗ್ಗಿ ಕುತ್ತಿಗಿ ನೋಯಿಸ್ಕೊಳ್ಳೋದು ತಪ್ತದ. ದೊಡ್ಡ ರಬ್ಬರ್ ಟೊಪ್ಪಿಗಿ ಇರೋದು ಹೆಡ್‌ಲೈಟಿಂದು, ಅದನ್ನ ಮುಟ್ಟಬ್ಯಾಡ್ರಿ. ಅದ್ರ ಪಕ್ಕಕ್ಕ, ಹೆಚ್ಚಾಗಿ ಹೊರಗಡಿ ಮೂಲ್ಯಾಗ, ಎರಡು ವೈರ್ ಬಂದ ಒಂದು ಪ್ಲಾಸ್ಟಿಕ್ ಹೋಲ್ಡರ್ ಕಾಣ್ತದ, ಡಬ್ಬಿ ಮುಚ್ಚಳದಂಗ ಹಿಡಿಕಿ ಇರ್ತದ. ಮೂರು ವೈರಿಂದು ಇದ್ರ ಅದು ಹೆಡ್‌ಲೈಟಿನ ಕಪ್ಲರ್, ಅಂದ್ರ ವೈರ್ ಜೋಡಿಸೋ ಪ್ಲಗ್. ಅನುಮಾನ ಬಂದ್ರ ಎಡಗಡಿದನ್ನ ನೋಡ್ರಿ, ಹಜಾರ್ಡ್ ಹಾಕಿ ಎಡಗಡಿ ಯಾವ ಹೋಲ್ಡರ್ ಹಿಂದಿಂದ ಕಿತ್ತಳಿ ಬೆಳಕು ಬರ್ತದೋ ಅದ್ರ ಜೋಡಿನೇ ಬಲಗಡಿದು.

ಬಲಗಡಿ ಕೈ ಹೋಗ್ಲಿಕ್ಕೆ ಜಾಗ ಇಲ್ಲಾಂದ್ರ ಮುಂದ ಏನು ಅಡ್ಡ ಅದ ನೋಡ್ರಿ. ಒಂದೊಂದ್ ಗಾಡ್ಯಾಗ ಬ್ಯಾಟ್ರಿ ಅಡ್ಡ ಬರ್ತದ, ಒಂದೊಂದ್ರಾಗ ಏರ್ ಫಿಲ್ಟರ್ ಡಬ್ಬಿ, ಒಂದೊಂದ್ರಾಗ ಗ್ಲಾಸಿಗೆ ನೀರು ಹೊಡಿಯೋ ಟ್ಯಾಂಕಿನ ಕೊಳವಿ. ಹತ್ತು ನಂಬರ್ ಪಾನಾದಿಂದ ಬೋಲ್ಟ್ ಬಿಚ್ಚಿ ಅದನ್ನ ಸರಿಸ್ಬೇಕು, ಅದೇನ್ ದೊಡ್ಡದಲ್ಲ, ಬ್ಯಾಟ್ರಿ ಆದ್ರ ಮಾತ್ರ ಮೊದಲ ಮೈನಸ್ ತೆಗೀರಿ, ಹಾಕೋ ಮುಂದ ಅದನ್ನ ಕಡೀಕ ಹಾಕ್ರಿ. ಇನ್ನ ಕೆಲವು ಗಾಡ್ಯಾಗ ಚಕ್ರದ ಕಡೆಯಿಂದ ಹೋಗ್ಬೇಕು. ಬಲಗಡಿ ಕೆಲಸ ಇದ್ರ ಸ್ಟೇರಿಂಗ್ ಪೂರಾ ಎಡಕ್ಕ ತಿರುಗಿಸಿ ಇಂಜಿನ್ ಬಂದ್ ಮಾಡ್ರಿ, ಆವಾಗ ಚಕ್ರದ ಮುಂದಿನ ಅಂಚು ಒಳಗ ಹೋಗಿ ಕೈಗೆ ಜಾಗ ಆಗ್ತದ, ಅಲ್ಲಿರೋ ಕರೇ ಪ್ಲಾಸ್ಟಿಕ್ ಹಾಳಿ ಕ್ಲಿಪ್ ಎರಡ್ಮೂರು ತೆಗೆದು ಹಾಳಿ ಸ್ವಲ್ಪ ಜಗ್ಗಿ ಒಳಗ ಕೈ ಹಾಕ್ಬೇಕು. ಹಳೆ ಕ್ಲಿಪ್ ಬಿಸಿಲಿಗೆ ಒಣಗಿ ಪಟ್ ಅಂತ ಮುರೀತಾವ, ನಾಕು ಹೊಸಾವು ಮೊದಲೇ ತಂದಿಟ್ಕೊಳ್ರಿ. ಜಗ್ಗೋ ಮುಂದ ಆ ಹಾಳಿ ಮ್ಯಾಲ ಕೂತ ಎರಿಮಣ್ಣು ಮುಖದ ಮ್ಯಾಲೇ ಬೀಳ್ತದ, ಮೊದಲ ನೀರು ಹೊಡೆದು ತೊಳೆದು ಒಣಗಿಸಿದ್ರ ಚೊಲೊ.

ಹೋಲ್ಡರ್ ಸಿಕ್ತಾ, ಎಡಕ್ಕ ತಿರುವ್ರಿ, ಗಡಿಯಾರದ ಮುಳ್ಳಿಗೆ ಉಲ್ಟಾ. ಕಾಲು ಸುತ್ತು ಸಾಕು, ಬಿಡ್ತದ. ಬಿಡ್ಲಿಲ್ಲಾಂದ್ರ ಪಕ್ಕಡ ಹಾಕಿ ಜೋರ್ ಮಾಡಬ್ಯಾಡ್ರಿ, ಹತ್ತು ವರ್ಷದ ಪ್ಲಾಸ್ಟಿಕ್ ಕಿವಿ ಮುರುದ್ರ ಅಲ್ಲಿಂದ ಕೆಲಸ ದೊಡ್ಡದಾಗ್ತದ. ಒಳಗ ಒತ್ತಿ ಹಿಡ್ಕೊಂಡು ಹಿಂದ ಮುಂದ ಸ್ವಲ್ಪ ಸ್ವಲ್ಪ ಆಡಿಸ್ರಿ, ಧೂಳು ಸಡ್ಲ ಆಗಿ ತಾನೇ ಬರ್ತದ. ಹೋಲ್ಡರ್ ಹೊರಗ ಬಂದ್ಮ್ಯಾಲ ಬಲ್ಬನ್ನ ಒಳಗ ಒತ್ತಿ ಎಡಕ್ಕ ಸ್ವಲ್ಪ ತಿರುವಿದ್ರ ಸ್ಪ್ರಿಂಗ್ ಅದನ್ನ ಹೊರಗ ದೂಡ್ತದ. ಗಾಜಿನ ಬುಡದ್ದು ಇದ್ರ ತಿರುವೋದಿಲ್ಲ, ಸೀದಾ ಜಗ್ಗೋದು. ಬಲ್ಬ್ ಕೈ ತಪ್ಪಿ ಬಂಪರ್ ಒಳಗ ಬಿದ್ರ ಹುಡುಕೋದ್ ಭಾಳ ತ್ರಾಸ್, ಕೆಳಗ ಒಂದು ಟಾವೆಲ್ ಹಾಸ್ಕೊಂಡೇ ಕೈ ಹಾಕ್ರಿ.

ಇಲ್ಲಿ ಅವಸರ ಮಾಡಬ್ಯಾಡ್ರಿ ಅಕ್ಕೋರೆ, ಕೂತು ಹಳೆ ಬಲ್ಬನ್ನ ಬೆಳಕಿಗೆ ಹಿಡ್ದು ನೋಡ್ರಿ. ಗಾಜಿನ ಒಳಗ ಬೂದಿ ಬಣ್ಣದ ಕಪ್ಪು ಹಿಡಿದಿದ್ರ ಅದು ತನ್ನ ಆಯುಷ್ಯ ಮುಗಿಸಿದ ಬಲ್ಬ್, ಆದ್ರ ನಿಮ್ದು ಹೊಸಾದು, ಹಂಗಿರ್ಲಿಕ್ಕಿಲ್ಲ. ಒಳಗ ಬಿಳೇ ಪುಡಿ ಸುಣ್ಣ ಬಳಿದಂಗ ಕಂಡ್ರ ಗಾಜು ಎಲ್ಲೋ ಕೂದಲೆಳಿಯಷ್ಟು ಬಿರಕು ಬಿಟ್ಟು ಗಾಳಿ ಒಳಗ ಹೊಕ್ಕದ, ಬಿಸಿ ಬಲ್ಬಿನ ಮ್ಯಾಲ ನೀರು ಬಿದ್ರೂ ಹಂಗಾಗ್ತದ, ಅಂದ್ರ ಹೆಡ್‌ಲೈಟ್ ಒಳಗ ನೀರು ಬರ್ತದೇನು ನೋಡ್ಬೇಕು. ಗಾಜು ಸ್ವಚ್ಛ ಅದ, ತಂತಿ ಮಾತ್ರ ತುಂಡಾಗಿ ಅಲ್ಲಾಡಿಸಿದ್ರ ಕಿಣಿಕಿಣಿ ಅಂತದ ಅಂದ್ರ ಕುಲುಕಾಟಕ್ಕ ಹೋಗ್ಯದ, ಸಡ್ಲ ಕೂತ ಬಲ್ಬಿಗೆ ಅದು ಆಗೋದೇ, ನೀವು ಹೋಗೋ ರಸ್ತ್ಯಾಗಂತೂ ಸಿಮೆಂಟ್ ಲಾರಿ ಓಡಿ ಓಡಿ ಬಿದ್ದ ಗುಂಡಿ ಕಮ್ಮಿ ಅವೇನು? ಮತ್ತ ತಂತಿ ಇಡೀ ಅದ, ಗಾಜೂ ಚೊಲೊ ಅದ ಅಂದ್ರ ಬಲ್ಬ್ ಹೋಗೇ ಇಲ್ಲ! ನನ್ನ ಹತ್ರ ಬರೋ ಗಾಡ್ಯಾಗ ಇಂಥಾವು ಭಾಳ, ಬಲ್ಬ್ ಬ್ಯಾಟ್ರಿಗೆ ಹಚ್ಚಿದ್ರ ಫಳ್ ಅಂತ ಹತ್ತತದ, ಹೋಲ್ಡರಿನಾಗ ಹಾಕಿದ್ರ ಸತ್ತಂಗ.

ಆಮ್ಯಾಲ ಹೋಲ್ಡರ್ ಒಳಗ ಟಾರ್ಚ್ ಬಿಡ್ರಿ. ತಳದಾಗ ಒಂದು ಸಣ್ಣ ಹಿತ್ತಾಳಿ ನಾಲಗಿ ಇರ್ತದ, ಅದು ಕರೆಂಟಿಂದು. ಪಕ್ಕದ ಗೋಡಿದು ಅರ್ಥಿಂಗ್, ಅಂದ್ರ ಕರೆಂಟ್ ವಾಪಸ್ ಹೋಗೋ ದಾರಿ. ಸೇಡಂ, ಮಳಖೇಡ, ವಾಡಿ ಕಡೆ ದಿನಾ ಓಡೋ ಗಾಡಿ ಹೋಲ್ಡರ್ ನಾನು ನೋಡಿದಂಗ ಒಂದೇ ಥರಾ ಇರ್ತಾವ, ಬೆಳ್ಳನ ಸಿಮೆಂಟ್ ಧೂಳು ಸಣ್ಣ ಸಂದಿ ಹಿಡ್ಕೊಂಡು ಒಳಗ ಹೋಗಿರ್ತದ, ಮಳಿಗಾಲದಾಗ ಅದಕ್ಕ ತ್ಯಾವ ಸೇರಿ ಗಟ್ಟಿ ಪೊರಿ ಆಗಿರ್ತದ, ಅದ್ರ ಕೆಳಗ ಹಿತ್ತಾಳಿ ಹಸರ ಹಿಡಿದಿರ್ತದ, ಪುಡಿ ಪುಡಿ, ಹಳೆ ಪಂಚಪಾಳದ ಸಂದ್ಯಾಗ ಕೂತ ಹಸರ ಇರ್ತದಲ್ಲ ಹಂಗ. ಆ ಹಸರದ ಮ್ಯಾಲ ಕೂತ ಬಲ್ಬಿಗೆ ಕರೆಂಟ್ ಸಾಕಷ್ಟು ಸಿಗಂಗಿಲ್ಲ, ಕರೆಂಟ್ ಹರಿಯೋ ಜಾಗ ಬಿಸಿ ಆಗ್ತದ, ಬಿಸಿಗೆ ನಾಲಗಿಯ ಸ್ಪ್ರಿಂಗ್ ಮೆತ್ತಗ ಆಗ್ತದ, ಬಲ್ಬ್ ಸಡ್ಲ ಆಗ್ತದ, ಸಡ್ಲ ಆದ್ರ ಇನ್ನಷ್ಟು ಬಿಸಿ, ಗುಂಡ್ಯಾಗ ಗಾಡಿ ಕುಣಿದಾಗ ತಂತಿ ತುಂಡಾಗ್ತದ. ದೀಪಾವಳಿ ಮುಂದ ಹಾಕಿದವ್ರು ಇದನ್ನ ನೋಡಿಲ್ಲ ಅಂತ ನನಗ ಅನ್ನಿಸ್ತದ, ಬಲ್ಬ್ ಅಷ್ಟೇ ಬದಲಿ ಮಾಡಿ ಕಳಿಸ್ಯಾರ.

ಸ್ವಚ್ಛ ಮಾಡೋದು ಹಿಂಗ. ನುಣ್ಣನ ಪಾಲಿಶ್ ಪೇಪರ್ ಒಂದು ಪೆನ್ಸಿಲಿಗೆ ಸುತ್ತಿ ಒಳಗಿನ ಗೋಡಿ ಹಗೂರಕ ತಿಕ್ರಿ, ಹಿತ್ತಾಳಿ ಹೊಳೆಯೋ ತನಕ. ತಳದ ನಾಲಗಿಗೆ ಸಣ್ಣ ಸ್ಕ್ರೂಡ್ರೈವರಿಗೆ ಅದೇ ಪೇಪರ್ ಹಚ್ಚಿ ತಿಕ್ರಿ, ಆಮ್ಯಾಲ ಅದನ್ನ ಒಂದ್ ಕೂದಲಷ್ಟು ಮ್ಯಾಲಕ್ಕ ಎತ್ರಿ, ಬಲ್ಬಿಗೆ ಗಟ್ಟಿ ತಾಕ್ಬೇಕು. ಪುಡಿ ಊದಿ ತೆಗೀರಿ, ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಇದ್ರ ಒಂದ್ಸಲ ಹೊಡೆದು ಒಣಗ್ಲಿಕ್ಕ ಬಿಡ್ರಿ. ನೀರು ಹಾಕಬ್ಯಾಡ್ರಿ, ಅಡಗಿ ಎಣ್ಣಿನೂ ಬ್ಯಾಡ. ಹೋಲ್ಡರ್ ಹಿಂದಿನ ಕಪ್ಲರ್ ತೆಗೆದು ಅದ್ರ ಪಿನ್ನೂ ನೋಡ್ರಿ, ಅಲ್ಲೂ ಹಸರ ಇದ್ರ ಅದೇ ಔಷಧ. ಪ್ಲಾಸ್ಟಿಕ್ ಕಂದು ಬಣ್ಣಕ್ಕ ತಿರುಗಿ ಬಾಯಿ ಸೊಟ್ಟ ಆಗಿದ್ರ ಸ್ವಚ್ಛ ಮಾಡಿ ಉಪಯೋಗ ಇಲ್ಲ, ಹೊಸ ಹೋಲ್ಡರೇ ಹಾಕ್ಸ್ರಿ, ಅದಕ್ಕ ವೈರಿಂಗ್ ಮಿಸ್ತ್ರಿ ಬೇಕಾಗ್ಬಹುದು. ಕಡೀಕ ಹೋಲ್ಡರಿಗೆ ಸುತ್ತ ಇರೋ ರಬ್ಬರ್ ಬಳಿ ನೋಡ್ರಿ, ಒಣಗಿ ಬಿರಕು ಬಿಟ್ಟಿದ್ರ ಧೂಳು, ನೀರು ಬರೋದು ಅಲ್ಲಿಂದೇ. ಚೊಲೊ ಇದ್ರ ಬೆರಳಿಲೆ ಒಂದಿಷ್ಟು ಸಿಲಿಕೋನ್ ಗ್ರೀಸ್ ಸವರ್ರಿ, ರಬ್ಬರಿಗೆ ಅಷ್ಟೇ.

ಇನ್ನೊಂದು ಗುರುತು ಹೇಳ್ತೀನಿ. ರಾತ್ರಿ ಪಾರ್ಕಿಂಗ್ ಲೈಟ್ ಹಾಕಿ ಬಲಕ್ಕ ಇಂಡಿಕೇಟರ್ ಹಾಕಿದಾಗ ಆ ಮೂಲಿಯ ಪಾರ್ಕಿಂಗ್ ಲೈಟೂ ಜೊತಿಗೆ ಮಿಣುಕು ಮಿಣುಕು ಮಾಡ್ತಿದ್ರ ಅರ್ಥಿಂಗ್ ಕೆಟ್ಟದ ಅಂತಾನೇ ಅರ್ಥ, ಕರೆಂಟ್ ವಾಪಸ್ ಹೋಗ್ಲಿಕ್ಕೆ ದಾರಿ ಸಿಗದೇ ಪಕ್ಕದ ಬಲ್ಬಿನೊಳಗಿಂದ ಹೊಂಟದ. ಹೆಡ್‌ಲೈಟಿಂದ ಬಂದ ಕರೇ ವೈರ್ ಬಾಡಿಗೆ ಬೋಲ್ಟ್ ಆದ ಜಾಗ ಹುಡುಕಿ, ಬಿಚ್ಚಿ, ಜಂಗ್ ತಿಕ್ಕಿ ಮತ್ತ ಗಟ್ಟಿ ಮಾಡಿದ್ರ ಆಯ್ತು.

ಹೊಸ ಬಲ್ಬ್ ಬಟ್ಟಿಲೇ ಹಿಡ್ದು, ಮೊಳಿ ಸಾಲು ನೋಡಿ ಕೂಡಿಸಿ, ಒತ್ತಿ ಬಲಕ್ಕ ತಿರುವ್ರಿ. ಹೋಲ್ಡರ್ ಇನ್ನಾ ಹೊರಗ ಇರೋ ಮುಂದೇ ಯಾರನ್ನರೆ ಒಳಗ ಕೂಡಿಸಿ ಹಜಾರ್ಡ್ ಹಾಕ್ಸ್ರಿ. ಬಲ್ಬ್ ಹೊಡೆಯೋ ಮುಂದ ಹೋಲ್ಡರನ್ನ ಬೆರಳಿಲೆ ತಟ್ರಿ, ವೈರ್ ಅಲ್ಲಾಡಿಸ್ರಿ. ತಟ್ಟಿದಾಗ ಒಂದ್ಸಲರೆ ಬೆಳಕು ಹಾರಿದ್ರ ಕೆಲಸ ಇನ್ನಾ ಮುಗಿದಿಲ್ಲ, ಮತ್ತ ನಾಲಗಿ ನೋಡ್ರಿ. ಈ ತಟ್ಟೋ ಪರೀಕ್ಷಾ ಬಿಡಬ್ಯಾಡ್ರಿ, ನಿಂತ ಗಾಡ್ಯಾಗ ಹತ್ತಿ ಗುಂಡ್ಯಾಗ ಹಾರೋ ಬಲ್ಬ್ ಭಾಳ ನೋಡೀನಿ. ಪಾಸಾದ್ರ ಹೋಲ್ಡರ್ ಜಾಗಕ್ಕ ಕೂಡಿಸಿ ಬಲಕ್ಕ ತಿರುವ್ರಿ, ಕಟ್ ಅಂತ ಕೂತದ್ದು ಕೈಗೆ ಗೊತ್ತಾಗ್ಬೇಕು.

ಇನ್ನ ಎಲ್‌ಇಡಿ. ಮಗನಿಗೆ ಹೇಳ್ರಿ, ಇದಕ್ಕ ಬ್ಯಾಡ ಅಂತ. ಎಲ್‌ಇಡಿ ಕರೆಂಟ್ ಭಾಳ ಕಮ್ಮಿ ತಗೊಳ್ತದ, ಫ್ಲ್ಯಾಷರಿಗೆ ಬಲ್ಬ್ ಇದ್ದೂ ಇಲ್ಲದಂಗೇ, ಮತ್ತ ಅದೇ ಜೋರ್ ಟಿಕ್ ಟಿಕ್. ಅದಕ್ಕಂತ ಪಕ್ಕದಾಗ 6 ಓಮ್ ರೆಸಿಸ್ಟರ್ ಹಾಕಿ ಕೊಡ್ತಾರ, ಅದು ಇಂಡಿಕೇಟರ್ ಹತ್ತಿದಾಗೆಲ್ಲಾ ಹತ್ತಿರ ಹತ್ತಿರ 30 ವ್ಯಾಟ್ ಶಾಖ ಉಗುಳ್ತದ, ವೈರ್ ಕಟ್ಟಿನ ಮ್ಯಾಲೋ ಪ್ಲಾಸ್ಟಿಕ್ ಮ್ಯಾಲೋ ಕಟ್ಟಿದ್ರ ಅದನ್ನೇ ಸುಡ್ತದ. ಮ್ಯಾಲಿಂದ ನಿಮ್ಮ ಹೆಡ್‌ಲೈಟ್ ಒಳಗಿನ ಕನ್ನಡಿ ಮಾಡಿದ್ದು ತಂತಿ ಬಲ್ಬಿನ ಬೆಳಕು ಬರೋ ಜಾಗದ ಲೆಕ್ಕಕ್ಕ, ಎಲ್‌ಇಡಿ ಅಲ್ಲಿ ಹಾಕಿದ್ರ ಹತ್ರ ನಿಂತವನಿಗೆ ಕಣ್ಣು ಕುಕ್ಕತದ, ದೂರದವನಿಗೆ ಕಮ್ಮಿ ಕಾಣ್ತದ, ಬಿಸಿಲಾಗಂತೂ ಕೆಲವು ಕಾಣಂಗೇ ಇಲ್ಲ. ಕಂಪನಿಯಿಂದಾನೇ ಎಲ್‌ಇಡಿ ಬಂದ ಗಾಡಿ ಮಾತು ಬ್ಯಾರೆ.

ಈ ಸಣ್ಣ ಲೈಟಿಗೆ ಇಷ್ಟ್ಯಾಕ ಹೇಳ್ತೀನಿ ಅಂದ್ರ, ಹಿಂದಿನ ಇಂಡಿಕೇಟರ್ ಹಿಂದ ಬರೋರಿಗೆ, ಮುಂದಿಂದು ಎದುರು ಬರೋರಿಗೆ. ನೀವು ಸೇಡಂ ರಸ್ತ್ಯಾಗ ಬಲಕ್ಕ ಯೂನಿವರ್ಸಿಟಿ ಕಡೆ ಹೊಳ್ಳೋ ಮುಂದ ಎದುರಿಂದ ಬೈಕ್ ಬರ್ತಿರ್ತದ, ಅವನಿಗೆ ನಿಮ್ಮ ಹಿಂದಿನ ಲೈಟ್ ಕಾಣಂಗಿಲ್ಲ, ಮುಂದಿಂದು ಹತ್ತಲಿಲ್ಲ ಅಂದ್ರ ನೀವು ಸೀದಾ ಹೋಗ್ತೀರಿ ಅಂತಾನೇ ತಿಳ್ಕೊಂಡು ಬರ್ತಾನ. ನಮ್ಮ ಓಣಿಯವ್ರೊಬ್ರು ಹುಮನಾಬಾದ್ ರಸ್ತ್ಯಾಗ ಹಿಂಗೇ ಹೊಳ್ಳೋ ಮುಂದ ಎದುರಿನ ಬೈಕಿನ ಹುಡುಗ ಬ್ರೇಕ್ ಹೊಡೆದು ಬಿದ್ದು ಕೈ ಮುರ್ಕೊಂಡ, ಆಮ್ಯಾಲ ಗಾಡಿ ನನ್ನ ಹತ್ರ ತಂದಾಗ ಬಲ್ಬ್ ಚೊಲೋನೇ ಇತ್ತು, ಹೋಲ್ಡರ್ ತುಂಬಾ ಹಸರ. ತೊಗರಿ ಸುಗ್ಗಿ ಕಾಲದಾಗ ಲೈಟಿಲ್ಲದ ಟ್ರ್ಯಾಕ್ಟರ್ ರಾತ್ರಿ ಓಡೋ ರಸ್ತಿ ನಮ್ದು, ನಮ್ಮ ಗಾಡಿ ಲೈಟರೆ ನಾವು ಪೂರಾ ಇಟ್ಕೋಬೇಕು. ಬಲ್ಬ್ ಸಿಗೋ ತನಕ ಎರಡು ದಿನ ಹೋದ್ರ ಬಲಕ್ಕ ಹೊಳ್ಳೋ ಮುಂದ ಕಿಟಕಿ ಇಳಿಸಿ ಕೈ ಹೊರಗ ಚಾಚಿ ತೋರಿಸ್ರಿ.

ಇಷ್ಟೆಲ್ಲಾ ಮಾಡಿದ್ ಮ್ಯಾಲೂ ಬಲ್ಬ್ ಹತ್ತಲಿಲ್ಲಾಂದ್ರ ಟೆಸ್ಟ್ ಲ್ಯಾಂಪ್, ಅಂದ್ರ ಕರೆಂಟ್ ಬರ್ತದೋ ಇಲ್ಲೋ ತೋರ್ಸೋ ಸಣ್ಣ ದೀಪ, ಹಚ್ಚಿ ನೋಡ್ಬೇಕು, ಹಜಾರ್ಡ್ ಹಾಕಿದಾಗ ಹೋಲ್ಡರ್ ನಾಲಗಿಗೆ ಕರೆಂಟ್ ಬಂದು ಹೋಗಿ ಮಾಡ್ತಿದ್ರ ಅರ್ಥಿಂಗ್ ತಪ್ಪು, ಬರ್ತಾನೇ ಇಲ್ಲಾಂದ್ರ ವೈರ್ ಎಲ್ಲೋ ತುಂಡಾಗ್ಯದ, ಇಲಿ ಕಡಿದದ್ದೂ ಇರ್ತದ, ಆವಾಗ ಮಿಸ್ತ್ರಿ ಹತ್ರ ಹೋಗ್ರಿ ಮತ್ತ ಇದಿಷ್ಟು ನೋಡೀನಿ ಅಂತ ಹೇಳ್ರಿ. ಹೋಲ್ಡರ್ ಚೊಲೊ ಇದ್ದೂ ಬಲ್ಬ್ ಮ್ಯಾಲಿಂದ ಮ್ಯಾಲ ಹೋಗ್ತಿದ್ರ, ಅದ್ರಾಗೂ ಬ್ಯಾರೆ ಬ್ಯಾರೆ ಮೂಲಿಯವು ಹೋಗ್ತಿದ್ರ, ಇಂಜಿನ್ ಚಾಲೂ ಇಟ್ಟು ಬ್ಯಾಟ್ರಿ ಮ್ಯಾಲ ವೋಲ್ಟ್ ಅಳಿಸ್ರಿ, 13.8ರಿಂದ 14.5 ಒಳಗ ಇರ್ಬೇಕು, 15 ದಾಟಿದ್ರ ಬ್ಯಾಟ್ರಿ ಚಾರ್ಜ್ ಮಾಡೋ ಆಲ್ಟರ್ನೇಟರ್ ಹೆಚ್ಚು ಚಾರ್ಜ್ ಮಾಡ್ಲಿಕತ್ತದ. ಮತ್ತ ಹಳೆ ಬಲ್ಬಿನ ತಂತಿ ಇಡೀ ಇದ್ರ ಒಗೀಬ್ಯಾಡ್ರಿ, ಕಾಗದದಾಗ ಸುತ್ತಿ ಗ್ಲೋವ್ ಬಾಕ್ಸಿನಾಗ ಇಡ್ರಿ, ಸೇಡಂ ರಸ್ತ್ಯಾಗ ಸಂಜಿ ಹೊತ್ತು ಯಾವ್ದರೆ ಒಂದು ಹೋದ್ರ ಅಲ್ಲೇ ಹಾಕ್ಕೊಂಡು ಮನಿಗೆ ಬರ್ಬಹುದು.